ಮದುವೆ ಕುದುರೆಯೇರಿ ಗೆಳೆಯನನ್ನು ಹುಡುಕಿದ್ದು

ನಮ್ಮ ಕಡೆ ಕುದುರೆ ಕಂಡರೆ ಜನ ಎರಡೇ ಪ್ರಶ್ನೆ ಕೇಳುತ್ತಾರೆ. ಯಾರ ಮದುವೆ, ಯಾವ ಶೂಟಿಂಗು. ಎರಡೂ ಅಲ್ಲದೆ, ಸುಮ್ಮನೆ ಸಂತೋಷಕ್ಕೆ ಕುದುರೆಯ ಮೇಲೆ ಕೂತು ನಾಲೆಯ ಏರಿ ಹಿಡಿದು ಹೋಗಬಹುದು ಎಂದು ಕೆ.ಆರ್. ನಗರದ ಸೀಮೆಗೆ ತೋರಿಸಿಕೊಡಲು ಹೊರಟವರು ನಾವು ಮೂವರು. ಸೀಮೆ ಒಪ್ಪಲಿಲ್ಲ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ಮೇಷ್ಟ್ರು. ಇನ್ನಿಬ್ಬರು ನನ್ನೊಡನೆ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಒಬ್ಬನದು ಗೊಬ್ಬರದ ಅಂಗಡಿ, ಮಿರ್ಲೆಯ ಹತ್ತಿರ ತೆಂಗಿನ ತೋಟ. ಇನ್ನೊಬ್ಬ ಹುಣಸೂರಿನಲ್ಲಿ ವಕೀಲ. ಮೂವರಿಗೂ ಐವತ್ತು ದಾಟಿದೆ.

ಹುಚ್ಚು ಹತ್ತಿದ್ದು ಗೊಬ್ಬರದವನಿಗೆ. ಯಾವುದೋ ದೇಶದ ನಾಲ್ವರು ಗೆಳೆಯರು ಗುಡ್ಡದ ದಾರಿಯಲ್ಲಿ ಕುದುರೆಗಳ ಮೇಲೆ ಹೋಗುವುದನ್ನು ಅವನು ಮೊಬೈಲಿನಲ್ಲಿ ನೋಡಿದ್ದ. ಆ ನಾಲ್ವರಲ್ಲಿ ಯಾರಿಗೂ ಹೊಟ್ಟೆ ಇಲ್ಲದ್ದನ್ನು ಗಮನಿಸಿರಲಿಲ್ಲ. ತಿಂಗಳೊಳಗೆ ತೋಟಕ್ಕೆ ಮೂರು ಕುದುರೆ ಬಂದವು. ಒಂದು, ರೇಸಿನಿಂದ ನಿವೃತ್ತಿಯಾದ ಎತ್ತರದ ಕಂದು ಗಂಡು. ಮಿಕ್ಕೆರಡು ಮೈಸೂರಿನ ಮದುವೆ ಮೆರವಣಿಗೆಗಳಲ್ಲಿ ದುಡಿದಂಥವು, ಒಂದು ಬಿಳಿ ಹೆಣ್ಣು ಕುದುರೆ ಮತ್ತು ಒಂದು ಗಿಡ್ಡ ತಟ್ಟು. ಅವುಗಳನ್ನು ನೋಡಿಕೊಳ್ಳಲು ಟಾಂಗಾ ಓಡಿಸಿ ಹಣ್ಣಾಗಿದ್ದ ಹಿರಿಯರೊಬ್ಬರು ಬಂದರು. ಅವರನ್ನು ನಾವು ಸಾಹೇಬರೇ ಎಂದು ಕರೆಯುತ್ತಿದ್ದೆವು.

ರೇಸಿನ ಕುದುರೆಯನ್ನು ಮಾಲೀಕನೇ ಇಟ್ಟುಕೊಂಡ. ಬಿದ್ದರೂ ನೆಲ ಹತ್ತಿರ ಎಂದು ವಕೀಲ ತಟ್ಟುವನ್ನು ಆರಿಸಿಕೊಂಡ. ಹಾಗಿದ್ದೂ ತನ್ನ ಮುತ್ತಾತ ಮಹಾರಾಜರ ಕುದುರೆ ಪಡೆಯಲ್ಲಿದ್ದ ಎಂದು ಹೇಳುವುದನ್ನು ಬಿಡಲಿಲ್ಲ. ಬಿಳಿಯದು ನನ್ನ ಪಾಲಿಗೆ ಬಂತು. ನೀರಿನ ತೊಟ್ಟಿಯ ಗೋಡೆ ಹತ್ತಿ, ಅಲ್ಲಿಂದ ಅದರ ಬೆನ್ನಿಗೆ ದಾಟಿಕೊಳ್ಳುವುದನ್ನು ಕಲಿಯಲು ನನಗೆ ಎರಡು ವಾರ ಹಿಡಿಯಿತು. ಇಳಿಯುವುದಕ್ಕೂ ಅದೇ ತೊಟ್ಟಿ ಬೇಕಿತ್ತು.

ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಚುಂಚನಕಟ್ಟೆಗೆ ಹೊರಟೆವು. ಸಾಹೇಬರು ತಾವೂ ಹಿಂದೆ ಬರುತ್ತೇನೆಂದರು.

"ಬ್ಯಾಡಿ ಸಾಹೇಬ್ರೇ," ಅಂದ ಗೊಬ್ಬರದವನು. "ಲಗಾಮು ಹಿಡ್ಕಳಕ್ಕೆ ನೀವಿದ್ರೆ ಮದ್ವೆ ಗಂಡುಗಳ ತರ ಕಾಣ್ತೀವಿ."

ಸಾಹೇಬರು ನಮ್ಮ ಮೂವರನ್ನೂ ಒಮ್ಮೆ ನೋಡಿ, ಲಾಯ ಗುಡಿಸಲು ಹೋದರು. ವಕೀಲ ಮಾತ್ರ ಗೇಟಿನ ಬಳಿ ತಟ್ಟು ನಿಲ್ಲಿಸಿ ಕೈ ಚಾಚಿದ. "ನೋಡ್ರಲಾ, ಯಾರೊಬ್ರು ಬಿದ್ರೂ ಮಿಕ್ಕಿಬ್ರು ನಿಂತ್ಕಬೇಕು. ಬುಟ್ಟು ಓಗಂಗಿಲ್ಲ." ಮೂವರೂ ಕೈ ಮೇಲೆ ಕೈ ಇಟ್ಟೆವು. ನನ್ನ ಕಣ್ಣು ತೇವವಾಯಿತು ಎಂದು ಈಗ ಒಪ್ಪಿಕೊಳ್ಳಬೇಕು.

ಮೊದಲ ಅರ್ಧ ಗಂಟೆ ನಿಜಕ್ಕೂ ಚೆನ್ನಾಗಿತ್ತು. ಎಷ್ಟೋ ವರ್ಷ ಬಸ್ಸಿನ ಕಿಟಕಿಯಲ್ಲಿ ಕಂಡಿದ್ದ ಗದ್ದೆ ಬಯಲು ಕುದುರೆಯ ಮೇಲಿಂದ ಬೇರೆಯೇ ಆಗಿತ್ತು. ಕೊಯ್ದ ಗದ್ದೆಗಳಲ್ಲಿ ಬೆಳ್ಳಕ್ಕಿಗಳು ಇಬ್ಬನಿ ತುಳಿದು ಓಡಾಡುತ್ತಿದ್ದವು. ಮೂವರೂ ಮಾತಾಡಲಿಲ್ಲ, ಅದರಲ್ಲೂ ವಕೀಲ ಮಾತಾಡಲಿಲ್ಲ ಎಂದರೆ ಆ ಬೆಳಗು ಹೇಗಿದ್ದಿರಬೇಕು.

ಆಗ ಎದುರಿಗೆ ಹುಲ್ಲು ಹೇರಿದ ಟ್ರ್ಯಾಕ್ಟರ್ ಬಂತು. ನಮ್ಮ ಕಡೆಯ ಟ್ರ್ಯಾಕ್ಟರುಗಳಿಗೆ ಬ್ರೇಕು ಇರದಿದ್ದರೂ ಸ್ಪೀಕರು ಇರುತ್ತದೆ. ಅದರಲ್ಲಿ ತಮಟೆಯ ಹಾಡು. ದಾರಿ ಬಿಡಿ ಎಂದು ಡ್ರೈವರು ಹಾರನ್ ಒತ್ತಿದ. ರೇಸಿನ ಕುದುರೆ ಅದನ್ನು ಓಟ ಶುರುವಾದ ಸೂಚನೆ ಎಂದು ತಿಳಿಯಿತು. ಟ್ರ್ಯಾಕ್ಟರಿನ ಪಕ್ಕದಲ್ಲೇ ನುಗ್ಗಿ, ಏರಿಯ ತಿರುವಿನಲ್ಲಿ ಗೆಳೆಯನ ಸಮೇತ ಮರೆಯಾಯಿತು. "ಲೇ" ಎಂಬ ಒಂದು ಕೂಗು ಮಾತ್ರ ಹಿಂದೆ ಉಳಿಯಿತು.

ವಕೀಲ ಕಾಲು ಚಾಚಿ ನೆಲಕ್ಕೆ ಇಳಿದ. "ಇರು ಕಣ್ಲಾ, ಯಾರನಾದ್ರೂ ಕರ್ಕಬತ್ತೀನಿ," ಎಂದು ತಟ್ಟುವನ್ನು ಎಳೆದುಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ ಹೋದ. ಅಲ್ಲೊಂದು ಟೀ ಅಂಗಡಿ ದಾಟಿ ಬಂದದ್ದು ನನಗೆ ನೆನಪಿತ್ತು.

ನಾನು ಹೋಗಲಿಲ್ಲ, ಏಕೆಂದರೆ ನನ್ನ ಕುದುರೆ ಕುಣಿಯುತ್ತಿತ್ತು. ತಮಟೆ ಕೇಳಿದೊಡನೆ ಅದು ಕತ್ತು ಬಗ್ಗಿಸಿ, ಮುಂಗಾಲು ಒಂದೊಂದಾಗಿ ಎತ್ತಿ, ನಿಂತಲ್ಲೇ ಹೆಜ್ಜೆ ಹಾಕತೊಡಗಿತ್ತು. ನಾನು ಜೀನನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದೆ. ಗದ್ದೆಯಲ್ಲಿದ್ದ ಹೆಂಗಸರು ಕುಡುಗೋಲು ಹಿಡಿದೇ ಏರಿ ಹತ್ತಿ ಬಂದರು. ಟ್ರ್ಯಾಕ್ಟರಿನವನು ಗಾಡಿ ನಿಲ್ಲಿಸಿ ಮೊಬೈಲು ತೆಗೆದ. ವಯಸ್ಸಾದ ಒಬ್ಬ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು.

"ಎಣ್ಣು ಯಾವೂರ್ದಪ್ಪ?"

"ಮದ್ವೆ ಅಲ್ಲ ಕಣವ್ವ, ಸುಮ್ನೆ ಹೊಂಟಿದ್ವಿ."

"ಈ ವಯಸ್ನಲ್ಲಿ ಅಂಗೇ ಯೋಳ್ಬೇಕು ಬುಡು," ಎಂದು ಅವಳು ಡ್ರೈವರನತ್ತ ತಿರುಗಿದಳು. "ಆರ್ಸ್ಲಾ ಅದ. ಮೇಷ್ಟ್ರು ಬಿದ್ದೋಯ್ತಾರೆ." ನಾನು ಮೇಷ್ಟ್ರು ಎಂದು ಅವಳಿಗೆ ಹೇಗೆ ತಿಳಿಯಿತೋ, ಮುಖ ನೋಡಿ ಇರಬೇಕು.

ಹಾಡು ನಿಂತಿತು, ಕುಣಿತವೂ ನಿಂತಿತು. ಆದರೆ ಕುದುರೆ ಅಲ್ಲಿಂದ ಕದಲಲಿಲ್ಲ. ಹಿಮ್ಮಡಿಯಲ್ಲಿ ತಟ್ಟಿದೆ, ಬೇಡಿಕೊಂಡೆ. ಕೊನೆಗೆ ಮಾನ ಬಿಟ್ಟು ಸಾಹೇಬರಿಗೆ ಫೋನು ಮಾಡಿದೆ.

"ಕುಣೀತಾ ಮೇಷ್ಟ್ರೇ?" ಅಂದರು ಅವರು, ಆಶ್ಚರ್ಯವೇನೂ ಇಲ್ಲದೆ. "ಛತ್ರದ ಮುಂದೆ ಕುಣಿದ ಮೇಲೆ ಆರತಿ ಆಗ್ಬೇಕು. ಆರತಿ ಆಗೋಗಂಟ ಅದು ಕಾಲು ಕೀಳಲ್ಲ."

ಹತ್ತಿರದಲ್ಲೇ ಅಜ್ಜಿಯ ಮನೆ. ಅವಳು ತಟ್ಟೆಯಲ್ಲಿ ಅರಿಶಿನ ಸುಣ್ಣ ಕಲಸಿದ ಕೆಂಪು ನೀರು ತಂದು, ಇಬ್ಬರು ಹೆಂಗಸರನ್ನು ಸೇರಿಸಿಕೊಂಡು, ನನಗೂ ಕುದುರೆಗೂ ಆರತಿ ಎತ್ತಿದಳು. ನನ್ನ ಹಣೆಗೆ ಬೊಟ್ಟನ್ನೂ ಇಟ್ಟಳು. ನೀರು ಏರಿಯ ಬದಿಗೆ ಚೆಲ್ಲಿದ್ದೇ ತಡ, ಕುದುರೆ ನಿಟ್ಟುಸಿರು ಬಿಟ್ಟು ಹೊರಟಿತು. ತೋಟದ ಕಡೆ ತಿರುಗಿಸಲು ನಾನು ಲಗಾಮು ಎಳೆದೆ. ಗೆಳೆಯನ ನೆನಪು ಆಗ ನನಗಿರಲಿಲ್ಲ, ಮನೆ ಸೇರಿದರೆ ಸಾಕಾಗಿತ್ತು. ಕುದುರೆ ನನ್ನ ಮಾತು ಕೇಳದೆ ಏರಿಯ ಮೇಲೆ ಮುಂದಕ್ಕೇ ನಡೆಯಿತು.

ಬಹಳ ದೂರ ಹೋದ ಮೇಲೆ ಒಂದು ತೂಬಿನ ಕಟ್ಟೆಯ ಮೇಲೆ ಗೊಬ್ಬರದವನು ಕೂತಿದ್ದ. ರೇಸಿನ ಕುದುರೆ ಪಕ್ಕದಲ್ಲಿ ಗರಿಕೆ ಮೇಯುತ್ತಿತ್ತು. ಅವನ ಒಂದು ಬೂಟು ನಾಲೆಯ ಪಾಲಾಗಿತ್ತು, ಮೊಣಕೈ ತರಚಿತ್ತು. ಉಳಿದೊಂದು ಬೂಟನ್ನು ಎದೆಗೆ ಅವಚಿಕೊಂಡಿದ್ದ. ಶಾಲೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿದ್ದ ಹುಡುಗನನ್ನು ಹಾಗೆ ನೋಡಿದ್ದು ಅದೇ ಮೊದಲು.

"ಅದರ ಕತ್ತು ತಬ್ಕೊಂಡೇ ಬಂದೆ ಕಣ್ಲಾ," ಅಂದ. "ಇನ್ನು ಯಾರೂ ಬರಾಕಿಲ್ಲ ಅನ್ಕಂಡಿದ್ದೆ." ಆಮೇಲೆ ತಲೆಯೆತ್ತಿ, "ನನ್ನ ಉಡುಕ್ಕಂಡು ಬಂದ್ಯಾ?" ಎಂದು ಕೇಳಿದ.

ಎರಡು ಕುದುರೆಗಳೂ ಮೂತಿಗೆ ಮೂತಿ ತಾಗಿಸಿ ನಿಂತಿದ್ದವು. ನನಗೆ ನಿಜ ಹೇಳಲಾಗಲಿಲ್ಲ.

"ಇನ್ನೇನ್ಲಾ ಮತ್ತೆ," ಎಂದು ಆ ಕಟ್ಟೆಯ ಮೇಲೇ ಕಾಲಿಟ್ಟು ಇಳಿದೆ.

ಸ್ವಲ್ಪ ಹೊತ್ತಿಗೆ ವಕೀಲ ಗೂಡ್ಸ್ ಆಟೋದಲ್ಲಿ ಬಂದಿಳಿದ. ತಟ್ಟುವನ್ನು ಟೀ ಅಂಗಡಿಯ ಹಿಂದೆ ಕಟ್ಟಿದ್ದನಂತೆ. ಕೈಯಲ್ಲಿ ಬೋಂಡದ ಪೊಟ್ಟಣ. ಬಿಟ್ಟು ಹೋದದ್ದೇಕೆ ಎಂದು ನಾವಿಬ್ಬರೂ ತರಾಟೆಗೆ ತೆಗೆದುಕೊಂಡಾಗ ಅವನು ಕೋರ್ಟಿನ ಗಾಂಭೀರ್ಯದಲ್ಲೇ ಉತ್ತರಿಸಿದ. "ಬಿದ್ರೆ ನಿಂತ್ಕಬೇಕು ಅಂತ ಮಾತಾಗಿತ್ತು. ಇವ್ನೆಲ್ಲಿ ಬಿದ್ದ? ಓಡೋದ." ಬೋಂಡ ತಿಂದೆವು. ಕುದುರೆಗಳ ಲಗಾಮು ಹಿಡಿದು, ನಡೆದೇ ವಾಪಸಾದೆವು.

ಸಂಜೆ ಜೀನು ಬಿಚ್ಚುತ್ತಾ ಸಾಹೇಬರು, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ, "ಇದು ಆ ಗಂಡು ಕುದುರೆ ಬಿಟ್ಟು ಇರಲ್ಲ ಮೇಷ್ಟ್ರೇ. ಎಲ್ಲಿದ್ರೂ ಹುಡುಕ್ಕೊಂಡು ಹೋಗುತ್ತೆ," ಎಂದರು. ಮತ್ತೆ ಆ ಮಾತೆತ್ತಲಿಲ್ಲ.

ಈಗ ಯೂರಿಯಾ ಕೊಳ್ಳಲು ಬಂದವರಿಗೆಲ್ಲ ಗೊಬ್ಬರದವನು ಈ ಕಥೆ ಹೇಳುತ್ತಾನೆ. ಕಳೆದ ವಾರ ಅಂಗಡಿಯಲ್ಲಿ ಕೂತು ಕೇಳಿದಾಗ, ಅವನ ಕಥೆಯಲ್ಲಿ ನಾನು ಅವನನ್ನು ಕಾಪಾಡಲು ಟ್ರ್ಯಾಕ್ಟರನ್ನೇ ಹಾರಿ ಬಂದಿದ್ದೆ. ಕೇಳುತ್ತಿದ್ದ ರೈತನೊಬ್ಬ ನನ್ನತ್ತ ತಿರುಗಿ, "ನಿಜವೇ ಮೇಷ್ಟ್ರೇ?" ಅಂದ. ಟ್ರ್ಯಾಕ್ಟರು ಅಷ್ಟೇನೂ ದೊಡ್ಡದಿರಲಿಲ್ಲ ಎಂದೆ.