ಕೆರೆ ತಲುಪದ ಎಣ್ಣೆ

ಬೆಳಗಿನ ಐದೂವರೆ. ಮೋಡ ಕಟ್ಟಿದೆ, ಹನಿ ಇನ್ನೂ ಬಿದ್ದಿಲ್ಲ. ಗ್ಯಾರೇಜುಗಳ ಬೀದಿಯಲ್ಲಿ ಷಟರ್‌ಗಳೆಲ್ಲ ಮುಚ್ಚಿವೆ. ರಸ್ತೆಯಂಚಿನ ಚರಂಡಿ ಜಾಲರಿಯ ಮುಂದೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಮಂಡಿಯೂರಿದ್ದಾರೆ. ಅಂಚು ಚಕ್ಕೆಯೆದ್ದ ಬಿಳಿ ಪಿಂಗಾಣಿ ತಟ್ಟೆಯಲ್ಲಿ ಮೋರಿಯ ನೀರನ್ನು ಒಂದಿಷ್ಟು ಮೊಗೆದು, ಬೀದಿದೀಪದ ಬೆಳಕಿಗೆ ಓರೆಯಾಗಿ ಹಿಡಿಯುತ್ತಾರೆ. ನೀರಿನ ಮೇಲೆ ನೀಲಿ, ನೇರಳೆ ಬಣ್ಣ ಸಣ್ಣಗೆ ಹರಿದಾಡುತ್ತದೆ.

“ನಿನ್ನೆ ರಾತ್ರಿ ಯಾರೋ ಎಣ್ಣೆ ಚೆಲ್ಲಿದಾರೆ,” ಎನ್ನುತ್ತಾ ತಳ್ಳುಗಾಡಿಯಿಂದ ಉದ್ದನೆಯ ಚೀಲವೊಂದನ್ನು ಎಳೆದು ಜಾಲರಿಯ ಮುಂದೆ ಅಡ್ಡ ಮಲಗಿಸುತ್ತಾರೆ. ಒಳಗೆ ಮರದ ಪುಡಿ, ಹಳೆ ಬಟ್ಟೆಯ ಚಿಂದಿ. ಅದಕ್ಕೆ ಅವರಿಟ್ಟ ಹೆಸರು ದಿಂಬು. ಎಣ್ಣೆ ದಿಂಬಿನಲ್ಲಿ ಇಂಗುತ್ತದೆ, ನೀರು ಮುಂದೆ ಹೋಗುತ್ತದೆ.

ಬೀದಿಯವರಿಗೆ ಇವರು ಜಾಲರಿ ಅಕ್ಕ. ಇವರ ಪಾಲಿಗೆ ಎರಡು ಕಿಲೋಮೀಟರು ರಸ್ತೆ, ನಲವತ್ತೊಂದು ಜಾಲರಿ, ಆರು ಗ್ಯಾರೇಜು, ಎರಡು ಬಣ್ಣದ ಅಂಗಡಿ, ವಾಹನ ತೊಳೆಯುವ ಅಂಗಳ ಒಂದು. ಮಳೆನೀರಿನ ಚರಂಡಿ ಎಲ್ಲೋ ಶುದ್ಧಿಯಾಗುವ ಜಾಗಕ್ಕೆ ಹೋಗುತ್ತದೆಂದೇ ಹೆಚ್ಚಿನವರು ನಂಬಿದ್ದಾರೆ. ಅದು ಹೋಗುವುದು ನೇರವಾಗಿ ಕೆರೆಗೆ. ನಡುವೆ ಇರುವುದು ಜಾಲರಿ ಅಕ್ಕನ ದಿಂಬು ಮಾತ್ರ.

ಏಳು ಗಂಟೆಗೆ ಗ್ಯಾರೇಜು ತೆರೆಯುವ ಮೇಸ್ತ್ರಿ ಬಾಗಿಲಲ್ಲೇ ಸಿಕ್ಕಿಬೀಳುತ್ತಾನೆ. “ಒಂದು ಲೋಟ ಎಣ್ಣೆ ಅಕ್ಕ. ಅಷ್ಟು ದೊಡ್ಡ ಕೆರೆಗೆ ಗೊತ್ತೇ ಆಗಲ್ಲ.”

“ನಿನ್ನ ಟೀಗೆ ಒಂದು ಹನಿ ಹಾಕ್ತೀನಿ ಇರು. ಗೊತ್ತಾಗುತ್ತೋ ಇಲ್ವೋ ನೀನೇ ಹೇಳು.”

ಮೇಸ್ತ್ರಿ ತನ್ನ ಟೀ ಲೋಟಕ್ಕೆ ಕೈ ಅಡ್ಡ ಹಿಡಿಯುತ್ತಾನೆ.

ಹನ್ನೊಂದು ವರ್ಷದ ಈ ಕೆಲಸದಲ್ಲಿ ಇವರಿಗೆ ಸಿಗದ ಹೆಸರೆಲ್ಲ ಸಿಕ್ಕಿರುವುದು ಮೈದುನನಿಗೆ. ಅವನು ಕೆರೆಯ ದೋಣಿಯವನು. ನೀರಿಗೆ ಬಿದ್ದ ಕಸ, ಬಾಟಲಿ ಎತ್ತುತ್ತಾನೆ. ಒಂದೇ ಮನೆ, ಒಂದೇ ಪಡಸಾಲೆ. ಅಲ್ಲಿನ ಗೋಡೆಯಲ್ಲಿ ಅವನ ಫೋಟೋಗಳು ಐದಿವೆ. ಒಂದರಲ್ಲಿ ಆಳೆತ್ತರದ ಕಸದ ರಾಶಿಯ ಪಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾನೆ. ಗಾಜಿನ ಧೂಳು ಒರೆಸುವ ಕೆಲಸ ಅತ್ತಿಗೆಯದು.

“ಒರೆಸ್ತೀನಿ. ಮುಖದ ಹತ್ರ ಸ್ವಲ್ಪ ಜೋರಾಗೇ ಒರೆಸ್ತೀನಿ,” ಎಂದು ನಗುತ್ತಾರೆ. “ಅವನಿಗೆ ತೋರ್ಸೋಕೆ ರಾಶಿ ಇದೆ. ನಾನೇನು ತೋರ್ಸ್ಲಿ? ನಮ್ಮತ್ತೆ ಬಂದವರಿಗೆಲ್ಲ ಮಗನ ಫೋಟೋ ತೋರಿಸಿ, ‘ಇವಳೂ ಅದೇನೋ ಮಾಡ್ತಾಳೆ’ ಅಂತಾರೆ. ಅದೇನೋ.”

ಅವರು ತಡೆದದ್ದು ಯಾರಿಗೂ ಕಾಣುವುದಿಲ್ಲ. ಮನೆಯಲ್ಲಿ ತೊಳೆದಿಟ್ಟ ಪಾತ್ರೆಯನ್ನು ಯಾರು ನೋಡುತ್ತಾರೆ? ತೊಳೆಯದೆ ಬಿಟ್ಟ ದಿನ ಎಲ್ಲರಿಗೂ ಕಣ್ಣಿರುತ್ತದೆ.

ಈ ಮಳೆಗಾಲದ ಆರಂಭದಲ್ಲಿ ನಗರಸಭೆ ಕಚೇರಿಯ ಇಂಜಿನಿಯರು ಇವರನ್ನು ಕರೆಸಿ, ಆ ಬೀದಿಯಿಂದ ಒಂದೂ ದೂರಿಲ್ಲ, ಅಲ್ಲಿ ಆಳು ಬೇಕಿಲ್ಲ, ಗುಡಿಸುವ ಕೆಲಸಕ್ಕೆ ಹೋಗಿ ಎಂದರು. ಅದೇ ವಾರ ಮೈದುನನಿಗೆ ಸನ್ಮಾನ. ಗೋಡೆಗೆ ಐದನೆಯ ಫೋಟೋ, ಐದನೆಯ ಮೊಳೆ. ಮರುದಿನ ಬೆಳಗ್ಗೆ ಮೋಡ ನೋಡಿಕೊಂಡೇ ಜಾಲರಿ ಅಕ್ಕ ಗ್ಯಾರೇಜಿನ ಮುಂದಿನ ಎರಡು ದಿಂಬುಗಳನ್ನು ಗಾಡಿಯಲ್ಲೇ ಬಿಟ್ಟರು.

“ಮರೆತಿದ್ದಲ್ಲ. ಬೇಕಂತ ಬಿಟ್ಟೆ. ನಿಮ್ಮ ಪೇಪರಲ್ಲಿ ಬರೀರಿ, ಪರವಾಗಿಲ್ಲ. ನಾನಿಲ್ದಿದ್ರೆ ಏನಾಗುತ್ತೆ ಅಂತ ಒಂದು ಸಲ ನೋಡ್ಲಿ ಅನ್ನೋ ಹೊಟ್ಟೆಕಿಚ್ಚು.”

ಮಳೆ ಬಂತು. ಮಧ್ಯಾಹ್ನದ ಹೊತ್ತಿಗೆ ಕೆರೆಯ ಒಂದು ಮೂಲೆ ಬಣ್ಣಬಣ್ಣವಾಯಿತು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಟ್ಟವು. ಮೈದುನ ಕತ್ತಲಾಗುವವರೆಗೂ ದೋಣಿಯಲ್ಲೇ ಇದ್ದು ಬಟ್ಟೆಯಲ್ಲಿ ಎಣ್ಣೆ ಹೀರಿಸಿದ. ಮಾರನೆಯ ದಿನ ಪತ್ರಿಕೆಯಲ್ಲಿ ಮತ್ತೆ ಅವನದೇ ಚಿತ್ರ.

“ಎಣ್ಣೆ ಬಿಟ್ಟವಳು ನಾನು, ಫೋಟೋ ಅವನದು,” ಎನ್ನುವಾಗ ಈಗಲೂ ಹಲ್ಲು ಕಚ್ಚುತ್ತಾರೆ.

ಅದಕ್ಕಿಂತ ಚುಚ್ಚಿದ್ದು ಇನ್ನೊಂದು. ಮಳೆ ಬಂದ ದಿನ ರಾತ್ರಿ ಎಣ್ಣೆ ಮೆತ್ತಿದ ಕೈ ತೊಳೆಯುತ್ತಾ ಬಚ್ಚಲಿನಿಂದಲೇ ಮೈದುನ ಕೇಳಿದನಂತೆ: “ಅತ್ತಿಗೆ, ಗ್ಯಾರೇಜ್ ಮುಂದೆ ಇವತ್ತು ದಿಂಬು ಇಟ್ಟಿರ್ಲಿಲ್ವಾ?”

“ನಿನಗ್ಯಾರು ಹೇಳಿದ್ರು?”

“ಯಾರು ಹೇಳ್ಬೇಕು? ಆ ಮೂಲೆಗೆ ಎಣ್ಣೆ ಬರೋದೇ ಇಲ್ಲ. ಹೋದ ವರ್ಷ ನಿಮಗೆ ಜ್ವರ ಬಂದಾಗ ನಾಲ್ಕು ದಿನ ಬಂತು. ಆಮೇಲೆ ಇವತ್ತೇ.”

ಹನ್ನೊಂದು ವರ್ಷ ಯಾರ ಕಣ್ಣಿಗೂ ಬೀಳದ ಕೆಲಸವನ್ನು ಒಬ್ಬ ನೋಡುತ್ತಲೇ ಇದ್ದ. ಅವನೇ ಆಗಬೇಕಿತ್ತೇ?

ಜಾಲರಿ ಅಕ್ಕ ರಾತ್ರಿಯೆಲ್ಲ ಮಗ್ಗುಲು ಬದಲಿಸಿ, ಬೆಳಗ್ಗೆ ತಾವೇ ಇಂಜಿನಿಯರ ಬಳಿ ಹೋಗಿ ನಡೆದದ್ದು ಹೇಳಿದರು. ಎಚ್ಚರಿಕೆಯ ಪತ್ರ ಕೈಗೆ ಬಂತು. ಹೋಗಲು ಎದ್ದವರನ್ನು ಇಂಜಿನಿಯರು ನಿಲ್ಲಿಸಿ, ಎಷ್ಟು ಜಾಲರಿ ಬಿಟ್ಟಿರಿ ಎಂದು ಕೇಳಿದರು. ನಲವತ್ತೊಂದರಲ್ಲಿ ಎರಡು ಎಂಬ ಉತ್ತರ ಕೇಳಿ ವರ್ಗಾವಣೆಯ ಕಾಗದವನ್ನು ಮೇಜಿನ ಖಾನೆಗೆ ಹಾಕಿದರು. ಗುಡಿಸುವ ಕೆಲಸದ ಮಾತು ಈ ಮಳೆಗಾಲ ಮುಗಿಯುವವರೆಗೆ ನಿಂತಿದೆ. ಆಮೇಲಿನದು ಗೊತ್ತಿಲ್ಲ.

ಹೊಟ್ಟೆಕಿಚ್ಚು ಹೋಯಿತೇ ಎಂದರೆ ತಟ್ಟೆಯನ್ನು ಸೆರಗಿನಲ್ಲಿ ಒರೆಸುತ್ತಾ ಹೇಳುತ್ತಾರೆ: “ಎಲ್ಲಿಗೆ ಹೋಗುತ್ತೆ? ಮೊದಲು ಬರೀ ಹೆಸರು ಮಾಡಿದ್ದ. ಈಗ ಒಳ್ಳೆಯವನೂ ಆಗ್ಬಿಟ್ಟ.”

ನಮ್ಮ ಪತ್ರಿಕೆಗೆ ಅವರ ಚಿತ್ರ ಬೇಕು. ಜಾಲರಿಯ ಪಕ್ಕ ನಿಲ್ಲಿ ಎಂದರೆ ತಲೆಯಾಡಿಸಿ, ಗಾಡಿಯನ್ನು ಗೋಡೆಗೆ ಒರಗಿಸಿ, ಕೆರೆಯ ಕಡೆಗೆ ಕರೆದೊಯ್ಯುತ್ತಾರೆ. ಮೊನ್ನೆ ಜೋರು ಮಳೆ ಸುರಿದಿದ್ದರೂ ನೀರು ಬರೀ ಮಣ್ಣಿನ ಬಣ್ಣ. ದಡದಲ್ಲಿ ಮೈದುನನ ದೋಣಿ ಬೋರಲಾಗಿದೆ. ತಳ ಒಣಗಿ ಬೆಳ್ಳಗಾಗಿದೆ. ಮೈದುನ ಅದರ ನೆರಳಿನಲ್ಲಿ ಒರಗಿ ಆಕಳಿಸುತ್ತಿದ್ದಾನೆ.

“ನಾಲ್ಕು ದಿನದಿಂದ ಅವನಿಗೆ ಕೆಲ್ಸ ಇಲ್ಲ,” ಎನ್ನುತ್ತಾರೆ ಜಾಲರಿ ಅಕ್ಕ, ಅವನಿಗೆ ಕೇಳುವಷ್ಟು ಗಟ್ಟಿಯಾಗಿ. “ಇದನ್ನ ಫೋಟೋ ತೆಗೀರಿ. ಆರನೇ ಮೊಳೆ ನಾನೇ ಹೊಡೀತೀನಿ.”