ಗೊಟ್ಟ ಹಿಡಿದ ಕೈ

ಕರಿಸಿದ್ದಪ್ಪ ಡಾಕ್ಟರಲ್ಲ. ಮೂವತ್ತೊಂದು ವರ್ಷ ದನದ ಆಸ್ಪತ್ರೆಗಳಲ್ಲಿ ಕಾಂಪೌಂಡರ್ ಆಗಿದ್ದವನು. ಅಮೃತೂರಿನಲ್ಲಿ ಒಂಬತ್ತು ವರ್ಷ, ಊರ್ಡಿಗೆರೆಯಲ್ಲಿ ಆರು, ಉಳಿದದ್ದೆಲ್ಲ ಗುಬ್ಬಿ ಕಡೆ. ತೊಂಬತ್ತಾರರಲ್ಲಿ ರಿಟೈರ್ ಆಗಿ ತುಮಕೂರಿನ ಬಟವಾಡಿಯಲ್ಲಿ ಬಾಡಿಗೆ ಮನೆ ಹಿಡಿದಾಗ ಬೀದಿಯವರು ಅವನನ್ನು "ಡಾಕ್ಟ್ರೇ" ಎಂದು ಕರೆಯತೊಡಗಿದರು. ತಿದ್ದಬಹುದಿತ್ತು, ತಿದ್ದಲಿಲ್ಲ. ಜೀವಮಾನವೆಲ್ಲ ಡಾಕ್ಟರುಗಳ ಹಿಂದೆ ಬಕೆಟ್ಟು, ಸೋಪು ಹಿಡಿದು ನಿಂತವನಿಗೆ ಆ ಮಾತು ಕಿವಿಗೆ ಹಿತವಾಗಿದ್ದರೆ ತಪ್ಪೇನು ಎಂದು ಯಾರಾದರೂ ಕೇಳಿಯಾರು. ಏನು ತಪ್ಪು ಎಂಬುದೇ ಈ ಕತೆ.

ಪಕ್ಕದ ಮನೆ ಬಾಬಾ ಜಾನ್‌ನದು. ಎರಡು ಮನೆಗೂ ನಡುವೆ ಒಂದೇ ಗೋಡೆ, ಈಚೆ ಕೆಮ್ಮಿದರೆ ಆಚೆ ಕೇಳುತ್ತಿತ್ತು. ಬಾಬಾ ಜಾನ್ ತಗಡಿನ ಟ್ರಂಕು ಮಾಡುವವನು. ಅವನು ಬಡಿದ ಟ್ರಂಕು ಹೊತ್ತುಕೊಂಡೇ ಆ ಸುತ್ತಿನ ಎಷ್ಟೋ ಹೆಣ್ಣುಮಕ್ಕಳು ಗಂಡನ ಮನೆಗೆ ಹೋಗಿದ್ದರು. ತೊಂಬತ್ತೇಳರಲ್ಲಿ ಲಕ್ವ ಹೊಡೆಯಿತು. ಬಲಭಾಗ ಬಿದ್ದುಹೋಯಿತು, ಮಾತೂ ನಿಂತಿತು. ಹೆಂಡತಿ ಕುಲ್ಸುಂ ಬೀ ಅನ್ನ ಕಲಸಿ ಬಾಯಿಗಿಟ್ಟರೆ ನುಂಗುವನು, ಇಲ್ಲದಿದ್ದರೆ ಗೋಡೆ ನೋಡುತ್ತ ಕುಳಿತಿರುವನು.

ಮಗಳು ಇರಮ್ ಕುಣಿಗಲ್ಲಿಗೆ ಮದುವೆಯಾಗಿ ಹೋಗುವಾಗ ಬಿಟ್ಟುಹೋಗಿದ್ದ ಬೆಕ್ಕೊಂದು ಆ ಮನೆಯಲ್ಲಿತ್ತು. ಹೆಸರು ಮೋತಿ. ಬಿಳಿ ಬಣ್ಣ, ಮೈತುಂಬ ಉದ್ದುದ್ದ ಕೂದಲು. ಓಡಾಡುವವರನ್ನೆಲ್ಲ ಬಿಟ್ಟು ಅದು ಅಲ್ಲಾಡದೆ ಕೂತ ಮನುಷ್ಯನ ತೊಡೆಯನ್ನೇ ಆರಿಸಿಕೊಂಡಿತು. ಒಂದು ದಿನ ಕುಲ್ಸುಂ ಬೀ ನೋಡುತ್ತಾಳೆ, ಗಂಡನ ಬಲಗೈ ಬೆರಳುಗಳು ಬೆಕ್ಕಿನ ಬೆನ್ನ ಮೇಲೆ ಅಲುಗುತ್ತಿವೆ. ಅವಳು ಕೂಗಿದ ಕೂಗಿಗೆ ಬೀದಿಯೆಲ್ಲ ಓಡಿಬಂತು. ಆರು ತಿಂಗಳು ಕಳೆಯುವಷ್ಟರಲ್ಲಿ ಬಾಬಾ ಜಾನ್ ಬೆಕ್ಕನ್ನು ಕತ್ತಿನಿಂದ ಬಾಲದವರೆಗೆ ಸವರುವಂತಾದ. ನೋಡಲು ಬಂದ ಡಾಕ್ಟರು, "ಇದನ್ನ ಬಿಡಿಸಬೇಡಿ, ಇದಕ್ಕಿಂತ ಒಳ್ಳೆ ಎಕ್ಸರ್‌ಸೈಜ್ ನಾನು ಹೇಳ್ಕೊಡೋಕಾಗಲ್ಲ" ಎಂದು ಹೋದರು. ಸತ್ತ ಕೈಗೆ ಜೀವ ಬರುವುದನ್ನು ಕಂಡ ಹೆಂಗಸಿಗೆ ಆ ಬೆಕ್ಕು ಬರೀ ಬೆಕ್ಕಾಗಿ ಉಳಿದೀತೇ?

ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಮೋತಿ ಕೂದಲು ಉದುರಿಸತೊಡಗಿತು. ಉದುರಿದ್ದನ್ನೆಲ್ಲ ನೆಕ್ಕಿ ನುಂಗಿತು. ಆಮೇಲೆ ಕತ್ತು ಚಾಚಿ ಕೆಕ್ ಕೆಕ್ ಎಂದು ಓಕರಿಸುವುದು, ಬರೀ ನೊರೆ ಕಕ್ಕುವುದು. ಮೂರು ದಿನ ಮೀನು ಇಟ್ಟರೂ ಮೂಸಲಿಲ್ಲ. ಕುಲ್ಸುಂ ಬೀ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಪಕ್ಕದ ಮನೆಗೆ ಬಂದಳು.

"ಡಾಕ್ಟ್ರೇ, ಇದ್ಕೇನೋ ಆಗೈತೆ ನೋಡಿ. ಇದು ಹೋದ್ರೆ ಇವ್ರ ಕೈನೂ ಹೋಯ್ತು ಅಂತ್ಲೇ ಲೆಕ್ಕ."

ಕರಿಸಿದ್ದಪ್ಪ ಹೊಟ್ಟೆ ಒತ್ತಿ ನೋಡಿದ. "ಕೂದ್ಲುಂಡೆ ಕಣಮ್ಮ. ಕರುಗಳಿಗೂ ಹಿಂಗೇ ಆಗುತ್ತೆ. ಒಂದ್ಸಲ ಊರ್ಡಿಗೆರೇಲಿ ಸತ್ತ ಕರು ಕುಯ್ದಾಗ ಬಿಲ್ವದಕಾಯಿ ಗಾತ್ರದ್ದು ಸಿಕ್ಕಿತ್ತು. ಹರಳೆಣ್ಣೆ ಹುಯ್ದ್ರೆ ಜಾರ್ಕೊಂಡು ಬಂದ್ಬಿಡುತ್ತೆ, ಬುಡು."

ರೋಗ ಹೇಳಿದ್ದೇನೋ ಸರಿಯೇ. ಎಡವಿದ್ದು ಎಣ್ಣೆ ಹುಯ್ಯುವುದರಲ್ಲಿ. ದನಕ್ಕೆ ಔಷಧಿ ಕುಡಿಸುವ ಬಿದಿರಿನ ಕೊಳವೆಗೆ ಗೊಟ್ಟ ಎನ್ನುತ್ತಾರೆ. ಗೊಟ್ಟ ಹಾಕುವುದರಲ್ಲಿ ಕರಿಸಿದ್ದಪ್ಪನ ಕೈ ಹೆಸರಾದದ್ದು. ಹಟಮಾರಿ ಎಮ್ಮೆಯ ಕತ್ತನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮೂತಿ ಮೇಲೆತ್ತಿದನೆಂದರೆ ಒಂದು ತೊಟ್ಟೂ ಚೆಲ್ಲುತ್ತಿರಲಿಲ್ಲ. ಈಗಲೂ ಕಿರುಬೆರಳಿನ ದಪ್ಪದ ಬಿದಿರು ಹುಡುಕಿ, ಕತ್ತರಿಸಿ, ಅಂಚು ಉಜ್ಜಿ ಬೆಕ್ಕಿಗೆಂದೇ ಒಂದು ಗೊಟ್ಟ ಮಾಡಿದ.

ಹೆಂಡತಿ ಶಕುಂತಲಮ್ಮ ಬಾಗಿಲಲ್ಲಿ ನಿಂತಿದ್ದವಳು, "ರೀ, ಅದು ಬೆಕ್ಕು ಕಣ್ರೀ, ಕರು ಅಲ್ಲ. ಓದಿರೋ ಡಾಕ್ಟರ್ ಹತ್ರ ಕಳ್ಸಿ" ಎಂದಳು.

"ಮೂವತ್ತೊಂದು ವರ್ಷ ಏನ್ ಕತ್ತೆ ಕಾಯ್ತಿದ್ನಾ? ನೀನು ಒಳಗೆ ನಡಿ."

ಅಷ್ಟು ಹೊತ್ತಿಗೆ ಜಗುಲಿಯ ಮುಂದೆ ನಾಲ್ಕು ಜನ ಸೇರಿದ್ದರು. ಜನ ನೋಡುತ್ತಿದ್ದರೆ ಕೆಲವರ ಕೈ ನಡುಗುತ್ತದೆ, ಕರಿಸಿದ್ದಪ್ಪನ ಕೈಗೆ ಬಿರುಸು ಬರುತ್ತಿತ್ತು. "ಹಿಂಗಾಲು ಗಟ್ಟಿಯಾಗಿ ಹಿಡ್ಕೊಳಮ್ಮ" ಎಂದ. ಕುಲ್ಸುಂ ಬೀ ಹಿಡಿದಳು. ಬೆಕ್ಕಿನ ತಲೆಯನ್ನು ಮೇಲಕ್ಕೆತ್ತಿ ಮೂತಿ ಸೂರು ನೋಡುವಂತೆ ಮಾಡಿ ಗೊಟ್ಟ ಸೇರಿಸಿದ. ಬೆಕ್ಕು ಒದ್ದಾಡಿ ಅವನ ಮುಂಗೈ ಪರಚಿತು. ಕರುವಾಗಿದ್ದರೆ ನುಂಗಲು ಬಿಡುವು ಕೊಡುತ್ತಿದ್ದ. ಒಂದು ಬೆಕ್ಕು ನಾಲ್ಕು ಜನರೆದುರು ತನ್ನನ್ನು ಪರಚಿದ್ದನ್ನು ಅವನಿಗೆ ಸಹಿಸಲಾಗಲಿಲ್ಲ. ಎಣ್ಣೆ ಅಷ್ಟನ್ನೂ ಒಂದೇ ಸಲಕ್ಕೆ ಹುಯ್ದುಬಿಟ್ಟ.

ಮೋತಿ ಕೆಮ್ಮಿತು. ಮೂಗಿನಲ್ಲಿ ಎಣ್ಣೆಯ ಗುಳ್ಳೆ ಕಾಣಿಸಿತು. ಕರಿಸಿದ್ದಪ್ಪನಿಗೆ ಅದೇನೆಂದು ಗೊತ್ತಿತ್ತು. ಅಮೃತೂರಿನಲ್ಲಿ ಒಂದು ಕರು ಹೀಗೆಯೇ ಸತ್ತಿತ್ತು. ಅಲ್ಲಿನ ಡಾಕ್ಟರು ಅದರ ಎದೆ ಸೀಳಿ, ಎಣ್ಣೆ ಇಳಿದ ಶ್ವಾಸಕೋಶ ತೋರಿಸಿ, "ಕಲಿತ್ಕೋ" ಎಂದಿದ್ದರು. ಕಲಿತಿದ್ದ. ಕಲಿತದ್ದು ಆ ಗಳಿಗೆಯಲ್ಲಿ ಕೈಗೆ ಬರಲಿಲ್ಲ.

ಮಾರನೆಯ ದಿನ ಮಧ್ಯಾಹ್ನದವರೆಗೆ ಬೆಕ್ಕು ಬಾಯಿ ತೆರೆದು ಉಸಿರಿಗಾಗಿ ಒದ್ದಾಡಿ, ಬಾಬಾ ಜಾನ್‌ನ ತೊಡೆಯ ಮೇಲೆಯೇ ಸತ್ತಿತು. ಕುಲ್ಸುಂ ಬೀ ಅಳುತ್ತ, "ಯಾಕೆ ಹಿಂಗಾಯ್ತು ಡಾಕ್ಟ್ರೇ?" ಎಂದು ಕೇಳಿದಳು.

ಆಗ ಅವನ ಬಾಯಿಂದ ಆ ಮಾತು ಬಂತು. "ಉಂಡೆ ಬಲ್ತೋಗಿತ್ತು ಕಣಮ್ಮ. ದಿನಾ ಬಾಚ್ಬೇಕಿತ್ತು. ಬಾಚಿದ್ರೆ ಇಷ್ಟೊಂದು ಕೂದ್ಲು ಹೊಟ್ಟೆಗೆ ಹೋಗ್ತಿರ್ಲಿಲ್ಲ."

ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಅಂಥ ಮಾತಿನಷ್ಟು ನೀಚವಾದ ಸುಳ್ಳು ಇನ್ನೊಂದಿಲ್ಲ. ಗಂಡನನ್ನು ಎತ್ತಿ, ತೊಳೆದು, ಉಣ್ಣಿಸಿ ಸೊಂಟ ಬಿದ್ದುಹೋಗಿದ್ದ ಹೆಂಗಸು ಒಂದು ತಿಂಗಳಿಂದ ಬೆಕ್ಕಿಗೆ ಬಾಚಣಿಗೆ ಮುಟ್ಟಿಸಿರಲಿಲ್ಲ. "ಹೌದು, ನಾನೇ ಬಾಚ್ಲಿಲ್ಲ" ಎಂದು ತಲೆ ಚಚ್ಚಿಕೊಂಡಳು. ಕರಿಸಿದ್ದಪ್ಪ ಮನೆಗೆ ಬಂದು ಗೊಟ್ಟವನ್ನು ಬಚ್ಚಲ ಒಲೆಗೆ ಹಾಕಿದ. ಶಕುಂತಲಮ್ಮ ನೋಡಿದಳು.

ಕೆಲವು ದಿನ ಬಾಬಾ ಜಾನ್‌ನ ಕೈ ಬರಿದಾದ ತೊಡೆಯನ್ನು ಸವರುತ್ತಿತ್ತು. ಆಮೇಲೆ ನಿಂತಿತು. ಬೇರೆ ಬೆಕ್ಕಿನ ಮರಿ ತಂದಿಟ್ಟರೆ ಕಣ್ಣೆತ್ತಿಯೂ ನೋಡಲಿಲ್ಲ. ಆ ವರ್ಷದ ರಂಜಾನ್ ತಿಂಗಳಲ್ಲಿ ತೀರಿಕೊಂಡ. ಬಂದವರಿಗೆಲ್ಲ ಕುಲ್ಸುಂ ಬೀ, "ಬೆಕ್ಕು ಹೋಗಿದ್ದೂ ನನ್ನಿಂದ, ಅದ್ರ ಹಿಂದೆ ಇವ್ರು ಹೋಗಿದ್ದೂ ನನ್ನಿಂದ" ಎಂದು ಹೇಳುವುದು ಗೋಡೆಯಾಚೆಯಿಂದ ಕೇಳುತ್ತಿತ್ತು. ಕರಿಸಿದ್ದಪ್ಪ ರೇಡಿಯೋ ಜೋರು ಮಾಡುತ್ತಿದ್ದ. ನಾಳೆ ಹೇಳಿದರಾಯಿತು ಎಂದುಕೊಂಡೇ ಐದು ವರ್ಷ ಕಳೆಯಿತು.

ಎರಡು ಸಾವಿರದ ನಾಲ್ಕರಲ್ಲಿ ಇರಮ್ ಕುಣಿಗಲ್ಲಿನಿಂದ ಬುಟ್ಟಿಯಲ್ಲಿ ಒಂದು ಬೆಕ್ಕನ್ನು ಇಟ್ಟುಕೊಂಡು ಬಂದಳು. ಅದೇ ಕತ್ತು ಚಾಚುವುದು, ಅದೇ ಕೆಕ್ ಕೆಕ್. ತಾಯಿ ಮಗಳು ಇಬ್ಬರೂ ಜಗುಲಿಗೆ ಬಂದರು.

"ಅವತ್ತು ನಾನು ಲೇಟ್ ಮಾಡ್ದೆ ಡಾಕ್ಟ್ರೇ" ಎಂದಳು ಕುಲ್ಸುಂ ಬೀ. "ಇದ್ಕೆ ಈಗ್ಲೇ ಗೊಟ್ಟ ಹಾಕ್ಬಿಡಿ. ನಾನು ಕಾಲು ಹಿಡ್ಕೊಂತೀನಿ."

ಕರಿಸಿದ್ದಪ್ಪ ಬುಟ್ಟಿ ಮುಟ್ಟಲಿಲ್ಲ. "ಗೊಟ್ಟ ಬೇಡ. ಎಣ್ಣೆ ಸ್ವಲ್ಪ ಅದ್ರ ಮುಂಗಾಲಿಗೆ ಸವರು ಇರಮ್, ಅದೇ ನೆಕ್ಕುತ್ತೆ. ದಿನಾ ಬಾಚು. ನಾಳೆಗೂ ಉಣ್ಣದಿದ್ರೆ ದೊಡ್ಡ ದನದಾಸ್ಪತ್ರೆಗೆ ತಗೊಂಡೋಗು."

"ಬಾಯಿಗೇ ಹುಯ್ದ್ರೆ ಬೇಗ ಆಗಲ್ವಾ ಅಂಕಲ್?"

"ತಲೆ ಎತ್ತಿ ಹುಯ್ಯಬಾರ್ದು ತಾಯಿ. ಎಣ್ಣೆ ಶ್ವಾಸಕ್ಕೆ ಹೋಗುತ್ತೆ. ಒಂದೇ ದಿನಕ್ಕೆ ಸತ್ತೋಗುತ್ತೆ."

ಕುಲ್ಸುಂ ಬೀ ಅವನ ಮುಖವನ್ನೇ ನೋಡಿದಳು. "ಅವತ್ತು ಎತ್ತಿ ಹುಯ್ದ್ರಲ್ಲ?"

ಈಗಲೂ ಏನಾದರೊಂದು ಹೇಳಿ ನುಣುಚಿಕೊಳ್ಳಬಹುದಿತ್ತು. ಅವನಿಗೆ ಸಾಕಾಗಿತ್ತು.

"ಹೂಂ. ನನ್ನಿಂದ್ಲೇ ಸತ್ತಿದ್ದು. ನಂಗೆ ಅವತ್ತೇ ಗೊತ್ತಿತ್ತು."

ಇರಮ್ ಏನೋ ಕೂಗಲು ಹೊರಟಳು. ತಾಯಿ ಅವಳ ಕೈ ಹಿಡಿದು ನಿಲ್ಲಿಸಿದಳು. ದನಿ ಏರಿಸದೆ ಹೇಳಿದಳು.

"ಇವ್ರು ಹೋಗೋ ಮುಂಚೆ, ಬಾಚ್ಲಿಲ್ಲ ಅಂತ ಕೈ ಹಿಡ್ಕೊಂಡು ಮಾಫಿ ಕೇಳ್ದೆ ಡಾಕ್ಟ್ರೇ. ಮಾತು ಬರ್ದಿರೋ ಮನುಷ್ಯ. ಮಾಫ್ ಮಾಡಿದ್ರೋ ಇಲ್ವೋ ಗೊತ್ತಾಗ್ಲೇ ಇಲ್ಲ. ಐದು ವರ್ಷ ಆಯ್ತು, ಅದೊಂದೇ ಯೋಚ್ನೆ."

ಬುಟ್ಟಿ ಎತ್ತಿಕೊಂಡು ಮಗಳೊಂದಿಗೆ ಹೊರಟುಹೋದಳು. ಮಾರನೆಯ ದಿನ ಆ ಬೆಕ್ಕು ಹೆಬ್ಬೆರಳಿನಷ್ಟು ಉದ್ದದ ಕೂದಲ ಸುರುಳಿ ಕಕ್ಕಿ ಹಾಲು ಕುಡಿಯಿತೆಂದು ಶಕುಂತಲಮ್ಮನಿಗೆ ಯಾರೋ ಹೇಳಿದರು.

ಕುಲ್ಸುಂ ಬೀ ಬೀದಿಯಲ್ಲೆಲ್ಲ ಹೇಳಿ ತನ್ನ ಮಾನ ಕಳೆಯುತ್ತಾಳೆಂದು ಕರಿಸಿದ್ದಪ್ಪ ಕಾದ. ಕಳೆಯಲಿ ಎಂದು ಬೇಡಿಕೊಂಡ ಎಂದರೂ ಸರಿಯೇ. ಆಕೆ ಯಾರಿಗೂ ಹೇಳಲಿಲ್ಲ. ಇರಮ್‌ಗೂ ಹೇಳಲು ಬಿಡಲಿಲ್ಲ. ಮೊದಲಿನ ಹಾಗೆಯೇ ಹಾಲಿನವನು, ಇಸ್ತ್ರಿಯವನು, ದಾರಿಹೋಕರು ಎಲ್ಲರೂ ಅವನನ್ನು ಡಾಕ್ಟ್ರೇ ಎಂದೇ ಕೂಗುತ್ತಿದ್ದರು. ಪ್ರತಿ ಸಲವೂ ಅವನು ಪಕ್ಕದ ಮನೆಯ ಬಾಗಿಲ ಕಡೆ ನೋಡಿ, ಆಮೇಲೆ ಓಗೊಡುತ್ತಿದ್ದ.