ಮಳೆಯ ತಲೆಗೆ ಕಟ್ಟಿದ ತಪ್ಪು

ತಂಗೀ, ತಮ್ಮಾ, ಇಬ್ಬರೂ ಜೊತೆಗೆ ಕುಳಿತು ಓದಿರಿ. ಎದುರಿಗೆ ಕೂತು ಹೇಳಲು ನನಗೆ ನಾಲಿಗೆ ಏಳುವುದಿಲ್ಲ. ನಿಮ್ಮ ಅಪ್ಪನ ಅವ್ವ, ನಿಮ್ಮ ಆಯಿ ನಾನು, ಊರ ಶಾಲೆಯಲ್ಲಿ ಏಳನೆಯ ಇಯತ್ತೆವರೆಗೆ ಕಲಿತ ಅಕ್ಷರದಲ್ಲಿ ಬರೆಯುತ್ತಿದ್ದೇನೆ.

ನನ್ನ ಹಣೆಯ ಮೇಲಿನ ಗಾಯದ ಗುರುತು ಏನೆಂದು ನೀವು ಎಷ್ಟೋ ಸಲ ಕೇಳಿದ್ದೀರಿ. ಆಣೆಕಲ್ಲು ಬಡಿದದ್ದು ಎಂದೆ. ಆ ದಿನ ಒಂದೇ ಒಂದು ಆಣೆಕಲ್ಲು ಬಿದ್ದಿರಲಿಲ್ಲ.

ತಮ್ಮಾ, ನೀನಿನ್ನೂ ಹುಟ್ಟಿರಲಿಲ್ಲ. ತಂಗೀ, ನಿನಗೆ ನಾಲ್ಕು ವರ್ಷ. ನಾವೆಲ್ಲ ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಪೇಟೆಯ ಹಿಂದಿನ ಓಣಿಯಲ್ಲಿದ್ದೆವು. ಸುಗ್ಗಿಯ ದಿನಗಳಲ್ಲಿ ಅಲ್ಲಿ ಉಸಿರಿಗೂ ಖಾರ. ಚೀಲ ಸುರುವುವಾಗ, ತೊಟ್ಟು ಬಿಡಿಸುವಾಗ, ಖಾರ ಕುಟ್ಟುವ ಗಿರಣಿಯಿಂದ, ಘಾಟು ಎದ್ದು ಲಾರಿಗಳ ಹೊಗೆ, ರಸ್ತೆಯ ಧೂಳಿನ ಜೊತೆ ಓಣಿಯ ಮೇಲೆ ನಿಂತುಬಿಡುತ್ತಿತ್ತು. ನಾನೂ ವರ್ಷಗಟ್ಟಲೆ ತೊಟ್ಟು ಬಿಡಿಸಿದವಳು, ನನಗೆ ಅದು ರೂಢಿ. ನಿನಗೆ ಉಬ್ಬಸ. ಹಾವೇರಿಯ ಡಾಕ್ಟರು ನಿನ್ನ ಅವ್ವನಿಗೂ ನನಗೂ ಹೇಳಿ ಕಳಿಸಿದ್ದರು: “ಗಾಳಿ ಎದ್ದಾಗ ಕೂಸಿನ್ನ ಹೊರಗ ಬಿಡಬ್ಯಾಡ್ರಿ.”

ಆದರೆ ನಮ್ಮಲ್ಲಿ ಒಂದು ರೂಢಿಯಿದೆ. ಬೇಸಿಗೆಯ ಮೊದಲ ಮಳೆಗೆ ಮಕ್ಕಳ ಅಂಗಿ ಬಿಚ್ಚಿ ಅಂಗಳದಲ್ಲಿ ನಿಲ್ಲಿಸುತ್ತೇವೆ, ಬೆವರುಸಾಲೆ ಹೋಗಲೆಂದು. ನಿನ್ನ ಬೆನ್ನೆಲ್ಲ ಬೆವರುಸಾಲೆ ಕೆಂಪಗಾಗಿತ್ತು. ಮಧ್ಯಾಹ್ನ ಮೂರಕ್ಕೆ ದಕ್ಷಿಣದ ಕಡೆ ಮೋಡ ಕಪ್ಪಗೆ ಕಟ್ಟಿತು. ನಿನ್ನ ಅವ್ವ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದಳು. ಮಳೆ ಬಂದರೆ ಗಾಳಿಯೂ ತೊಳೆಯುತ್ತದೆ, ಕೂಸಿನ ಮೈಯೂ ತಣ್ಣಗಾಗುತ್ತದೆ ಎಂದು ನಿನ್ನನ್ನು ಎತ್ತಿಕೊಂಡು ಮುಂಬಾಗಿಲು ತೆಗೆದೆ.

“ಏನ್ ಯವ್ವಾ, ಮೊಮ್ಮಗಳಿಗೆ ಆಕಾಶದ ನಳಾನ ಬಿಡಸೀಯೇನ?” ಎಂದು ಎದುರು ಮನೆಯಾಕೆ ನಕ್ಕಳು.

“ಹೂಂ, ಬಿಲ್ ನಿನ್ನ ಹೆಸರಿಗಿ ಬರತೈತಿ,” ಎಂದೆ. ನಾನೂ ನಕ್ಕೆ. ಆ ನಗೆ ಈಗಲೂ ನನ್ನನ್ನು ಚುಚ್ಚುತ್ತದೆ.

ಮಳೆಗಿಂತ ಮೊದಲು ಗಾಳಿ ಬಂತು. ಪೇಟೆಯಲ್ಲಿ ಕಾಯಿಗೆ ಹೊದಿಸಿದ್ದ ತಾಡಪತ್ರಿಗಳನ್ನು ಹರಿದು ಎಸೆಯಿತು. ಬಯಲಲ್ಲಿ ರಾಶಿ ಹಾಕಿದ್ದ ಕಾಯಿ ಎದ್ದು ಮುಖಕ್ಕೆ ಬಡಿಯಿತು. ಯಾರದೋ ಚಾವಣಿಯ ತಗಡು ಕಿತ್ತು ತಿರುಗುತ್ತ ಬಂದು ಬೇವಿನ ಮರದ ಕೊಂಬೆಯನ್ನು ಕೊಡಲಿಯಂತೆ ಕಡಿದು ಕೆಡವಿತು. ಓಣಿ ಕೆಂಪಾಯಿತು. ಕಣ್ಣು ತೆರೆದರೆ ಬೆಂಕಿ, ಬಾಯಿ ತೆರೆದರೆ ಬೆಂಕಿ. ಆಮೇಲೆ ಬಿದ್ದ ದಪ್ಪ ಹನಿಗಳು ನಾಲ್ಕೇ ನಾಲ್ಕು. ಬಿದ್ದಲ್ಲೆಲ್ಲ ಧೂಳು ಪುಟಿಯಿತು, ನನ್ನ ಸೀರೆಯ ಮೇಲೆ ಕೆಸರಿನ ಕಲೆಯಾಯಿತು.

ನೀನು ಒಮ್ಮೆ ಕೆಮ್ಮಿದೆ. ಮತ್ತೆ ಕೆಮ್ಮಲು ಉಸಿರೇ ಇರಲಿಲ್ಲ. ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಜಗ್ಗುತ್ತಿತ್ತು. ತುಟಿ ನೀಲಿಯಾಯಿತು. ನಾನು ನಿನ್ನನ್ನು ಹಿಡಿದು ಹೊಸ್ತಿಲ ಹೊರಗೇ ನಿಂತಿದ್ದೆ.

ನಿನ್ನ ಅವ್ವ ಓಡಿ ಬಂದವಳು ನಿನ್ನನ್ನು ಕಸಿದುಕೊಂಡು ನನ್ನನ್ನು ಎರಡೂ ಕೈಯಿಂದ ನೂಕಿದಳು... ಇಲ್ಲ, ಒಂದು ಕೈಯಿಂದ, ಇನ್ನೊಂದರಲ್ಲಿ ನೀನಿದ್ದೆ. ಹಣೆ ಹೊಸ್ತಿಲಿಗೆ ಬಡಿದು ರಕ್ತ ಕಣ್ಣಿಗಿಳಿಯಿತು.

“ಕೊಲ್ಲಾಕತ್ತೀರೇನ್ರಿ ಅತ್ತೀ ನನ್ನ ಕೂಸಿನ್ನ!”

ಮೂಲೆಮನೆಯ ಚಾಚಾ ಆಟೋ ತಂದರು. “ಲಗೂ ಕುಂದ್ರಿ ಬೆಹನ್, ಆಯೀ ನೀವೂ ಹತ್ರಿ, ಅಳೋದು ಆಮ್ಯಾಲ!” ಎಂದರು. ಆಗ ಮಳೆ ಮುರಿದು ಬಿತ್ತು. ಹನಿಯಲ್ಲ, ಚಾಟಿ. ಆಟೋದ ಪಕ್ಕದ ಪರದೆ ಹರಿದು ಹಾರಿತು. ಮುಂದೆ ದಾರಿ ಕಾಣುತ್ತಿರಲಿಲ್ಲ. ಚಾಚಾ ಹಾರ್ನ್ ಒತ್ತಿ ಹಿಡಿದೇ ಓಡಿಸಿದರು. ನಿನ್ನ ಅವ್ವ ನಿನ್ನ ಎದೆಗೆ ಕಿವಿಯಿಟ್ಟು, “ಐತಿ, ಇನ್ನೂ ಐತಿ,” ಎನ್ನುತ್ತಿದ್ದಳು. ನಾನು ಮಳೆಯನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದೆ.

ಆಸ್ಪತ್ರೆಯಲ್ಲಿ ಮುಖಕ್ಕೆ ಮುಚ್ಚಳವಿಟ್ಟು ಔಷಧಿಯ ಹೊಗೆ ಕೊಟ್ಟರು. ಎಷ್ಟು ಹೊತ್ತೋ ಗೊತ್ತಿಲ್ಲ. ನಿನ್ನ ತುಟಿಗೆ ಬಣ್ಣ ಬಂದ ಮೇಲೆ ಅಲ್ಲಿನ ಡಾಕ್ಟರಮ್ಮ ತಾನೇ ಹೋಗಿ ಕಿಟಕಿ ತೆಗೆದಳು. ನಾನು ಹೌಹಾರಿದೆ. “ಹಾಕ್ರಿ ಯವ್ವಾ, ಮಳಿ ಐತಿ!”

“ಮಳಿ ಅಲ್ಲ ಆಯಿ, ಅದರ ಮುಂಚಿನ ಗಾಳಿ ಹಿಂಗ ಮಾಡಿದ್ದು. ಈಗ ಮಳಿ ತಾಸುಗಟ್ಟಲೆ ಜೋರು ಹೊಡದು ಧೂಳನ್ನ ನೆಲಕ್ಕ ಕೆಡವೇತಿ. ಈ ಗಾಳಿ ಸ್ವಚ್ಛ ಐತಿ. ನಾಳೆ ಕೆಸರು ಒಣಗಿದ ಮ್ಯಾಲ ಮತ್ತ ಎದ್ದೀತು, ಆಗ ಕಿಟಕಿ ಹಾಕ್ರಿ.”

ಕಿಟಕಿಯಾಚೆ ನೋಡಿದೆ. ಸುಗ್ಗಿ ಶುರುವಾದಾಗಿನಿಂದ ಮಸುಕಿನಲ್ಲಿ ಮುಚ್ಚಿಹೋಗಿದ್ದ ರೈಲು ನಿಲ್ದಾಣದ ಕೆಂಪು ಸಿಗ್ನಲ್ ಮಳೆಯಲ್ಲೂ ಸ್ಪಷ್ಟವಾಗಿ ಕಾಣುತ್ತಿತ್ತು.

ಮನೆಗೆ ಬಂದ ಮೇಲೆ ಜನ ಕೇಳಿದರು. ಸೊಸೆ ನೂಕಿದಳು ಎನ್ನಲೇ? ಡಾಕ್ಟರ ಮಾತು ಮೀರಿದೆ ಎನ್ನಲೇ? ಆಣೆಕಲ್ಲು ಎಂದೆ. ಮಳೆಯಿಂದ ಕೂಸಿಗೆ ಹೀಗಾಯಿತು ಎಂದೆ. ತಂಗೀ, ನೀನು ಅದನ್ನೇ ಕೇಳುತ್ತ ಬೆಳೆದೆ.

ಈಗ ರಾಣೆಬೆನ್ನೂರಿನ ಮನೆಯಲ್ಲಿ ಮಳೆ ಬಂದರೆ ನೀನು ಕಿಟಕಿಗಳನ್ನೆಲ್ಲ ಬಡಿದು ಹಾಕುತ್ತೀ. ಹೋದ ವಾರ ಹೊರಗೆ ಮಧ್ಯಾಹ್ನದಿಂದ ಒಂದೇ ಸಮನೆ ಮಳೆ ಹೊಡೆಯುತ್ತಿತ್ತು. ನೀನು ಮುಚ್ಚಿದ ಕೋಣೆಯಲ್ಲಿ ಸೊಳ್ಳೆಬತ್ತಿಯ ಹೊಗೆಯೊಳಗೆ ಕೂತು ಏದುಸಿರು ಬಿಡುತ್ತಿದ್ದೆ. ನಾನು ಬಾಗಿಲು ಬಡಿದರೆ ನೀನು, “ಬ್ಯಾಡ ಆಯಿ, ಮಳಿ ಒಳಗ ಬರತೈತಿ,” ಎಂದೆ. ನಿನ್ನ ತಮ್ಮ ಭುಜ ಕೊಟ್ಟು ಬಾಗಿಲು ದೂಡದಿದ್ದರೆ ಏನಾಗುತ್ತಿತ್ತೋ. ನನ್ನ ಸುಳ್ಳು ಎರಡನೆಯ ಸಲ ನಿನ್ನ ಕತ್ತು ಹಿಡಿದಿತ್ತು.

ಗಾಳಿ ಎದ್ದಾಗ ಒಳಗಿರು. ಮಳೆ ಚೆನ್ನಾಗಿ ಹೊಡೆದ ಮೇಲೆ ಕಿಟಕಿ ತೆಗೆ. ಅವ್ವನನ್ನು ಏನೂ ಕೇಳಬೇಡ. ಅವಳ ಜಾಗದಲ್ಲಿ ನಾನಿದ್ದರೆ ಇನ್ನೂ ಜೋರಾಗಿ ನೂಕುತ್ತಿದ್ದೆ.

ತಮ್ಮಾ, ಈ ಹಾಳೆಗಳು ನಿನ್ನ ಜವಾಬ್ದಾರಿ. ಅಕ್ಕನ ಉಸಿರಿನ ಪಂಪು ಇಡುವ ಡಬ್ಬಿಯಲ್ಲೇ ಮಡಿಚಿಡು. ಕಿಟಕಿ ತೆಗೆದಾಗ ಒದ್ದೆಯಾಗದಂತೆ ನೋಡಿಕೋ.